ಜ್ವರ, ತಲೆನೋವು, ಬಿಗಿದ ಕುತ್ತಿಗೆ: ಕಾಲೇಜು ವಿದ್ಯಾರ್ಥಿಗಳು ತಿಳಿದಿರಬೇಕಾದ ಮೆನಿಂಜೈಟಿಸ್

ಮಾರ್ಚ್ ತಿಂಗಳು ಬಂತೆಂದರೆ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣಗಳಲ್ಲಿ ಬಿಸಿಲು ಏರತೊಡಗುತ್ತದೆ. ಪರೀಕ್ಷೆಗಳೂ ಅದೇ ಹೊತ್ತಿಗೆ ಬರುತ್ತವೆ. ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ನಾಲ್ಕು ಮಂದಿ ಹುಡುಗರು ಓದುತ್ತಿದ್ದಾರೆ ಎಂದು ಭಾವಿಸೋಣ. ಅವರಲ್ಲಿ ಒಬ್ಬನಿಗೆ ಮಧ್ಯಾಹ್ನ ಜ್ವರ ಬಂತು. ಸಂಜೆಗೆ ತಲೆ ಸಿಡಿಯುವಂಥ ನೋವು. ಎರಡು ಸಲ ವಾಂತಿಯಾಯಿತು. "ಬಿಸಿಲು ಬಡದದ, ಸುಮ್ನ ಮಲಕೋ" ಎಂದು ಗೆಳೆಯರು ಒಂದು ಪ್ಯಾರಾಸಿಟಮಾಲ್ ಕೊಟ್ಟರು. ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಾಗ ದೀಪ ಆರಿಸಿದರು. ಅವನ ಓದಿಗೂ ನಿದ್ದೆಗೂ ತೊಂದರೆಯಾಗಬಾರದೆಂದು ಪಕ್ಕದ ಕೋಣೆಗೆ ಹೋಗಿ ಮಲಗಿದರು. ಬೆಳಿಗ್ಗೆ ಎಬ್ಬಿಸಲು ಹೋದಾಗ ಅವನು ಏಳಲಿಲ್ಲ.

ಇದು ಊಹೆಯ ಪ್ರಸಂಗ. ಆದರೆ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಎಂಬ ಕಾಯಿಲೆ ಯುವಜನರನ್ನು ಕೊಂಡೊಯ್ಯುವ ಬಗೆ ಹೆಚ್ಚುಕಡಿಮೆ ಹೀಗೆಯೇ. ಗೆಳೆಯರು ಇಲ್ಲಿ ಮಾಡಿದ್ದೆಲ್ಲ ಪ್ರೀತಿಯಿಂದಲೇ. ತಿಳಿವಳಿಕೆ ಒಂದಿದ್ದಿದ್ದರೆ ಅದೇ ಪ್ರೀತಿ ಅವನನ್ನು ಆ ರಾತ್ರಿಯೇ ಆಸ್ಪತ್ರೆಗೆ ತಲುಪಿಸುತ್ತಿತ್ತು. ಆ ತಿಳಿವಳಿಕೆಯನ್ನು ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕರಾವಳಿಯ ನಮಗೂ ಬೀದರ್ ಜಿಲ್ಲೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ಧರ್ಮಪ್ರಾಂತ್ಯದ ವ್ಯಾಪ್ತಿಗೆ ಬೀದರ್ ಜಿಲ್ಲೆ ಸೇರುತ್ತದೆ. ಕರಾವಳಿಯಿಂದ ಹೋದ ಧರ್ಮಗುರುಗಳೂ ಧರ್ಮಭಗಿನಿಯರೂ ಆ ಭಾಗದಲ್ಲಿ ಸೇವೆ ಸಲ್ಲಿಸಿದ್ದಾರೆ. ಅಲ್ಲಿಯ ಮಕ್ಕಳು ನರ್ಸಿಂಗ್, ಎಂಜಿನಿಯರಿಂಗ್, ಪಿಯುಸಿ ಓದಲು ಮಂಗಳೂರು, ಉಡುಪಿ ಕಡೆಯ ಹಾಸ್ಟೆಲುಗಳಿಗೆ ಬರುತ್ತಾರೆ. ಒಂದೇ ಕೋಣೆಯಲ್ಲಿ ಕುಂದಾಪುರದ ಹುಡುಗಿಯೂ ಹುಮನಾಬಾದಿನ ಹುಡುಗಿಯೂ ಮಲಗುವ ಕಾಲವಿದು. ಹಾಗಾಗಿ ಇಲ್ಲಿ ಹೇಳುವ ವಿಷಯ ಎರಡೂ ಕಡೆಗೆ ಸಲ್ಲುತ್ತದೆ.

ಏನಿದು ಮೆನಿಂಜೈಟಿಸ್?

ನಮ್ಮ ಮಿದುಳನ್ನೂ ಬೆನ್ನುಹುರಿಯನ್ನೂ ತೆಳುವಾದ ಪೊರೆಗಳು ಸುತ್ತಿಕೊಂಡಿವೆ. ಇವುಗಳಿಗೆ ಮೆನಿಂಜಸ್ ಎಂದು ಹೆಸರು. ಪೊರೆಗಳ ನಡುವೆ ನೀರಿನಂತೆ ತಿಳಿಯಾದ ಒಂದು ದ್ರವ ಸದಾ ಹರಿಯುತ್ತಿರುತ್ತದೆ. ಆ ಪೊರೆಗಳಿಗೆ ಸೋಂಕು ತಗಲಿ ಉರಿಯೂತವಾಗುವುದೇ ಮೆನಿಂಜೈಟಿಸ್.

ವೈರಸ್, ಬ್ಯಾಕ್ಟೀರಿಯಾ, ಕ್ಷಯದ ರೋಗಾಣು, ಕೆಲವೊಮ್ಮೆ ಶಿಲೀಂಧ್ರ, ಇವುಗಳಲ್ಲಿ ಯಾವುದರಿಂದಲಾದರೂ ಈ ಉರಿಯೂತ ಬರಬಹುದು. ವೈರಸ್‌ನಿಂದ ಬಂದದ್ದು ಬಹುಪಾಲು ತಾನಾಗಿ ವಾಸಿಯಾಗುತ್ತದೆ. ಕ್ಷಯದಿಂದ ಬರುವ ಮೆನಿಂಜೈಟಿಸ್ ವಾರಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಸಣ್ಣ ಜ್ವರ, ಬಿಡದ ತಲೆನೋವು, ತೂಕ ಇಳಿಯುವುದು ಅದರ ಗುರುತು. ಬ್ಯಾಕ್ಟೀರಿಯಾದಿಂದ ಬಂದದ್ದು ಮಾತ್ರ ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. ಬೆಳಿಗ್ಗೆ ತರಗತಿಯಲ್ಲಿ ಕುಳಿತಿದ್ದವನು ರಾತ್ರಿಯ ಹೊತ್ತಿಗೆ ಪ್ರಜ್ಞೆ ತಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ತಗಲಿದ 6 ಮಂದಿಯಲ್ಲಿ ಒಬ್ಬರು ಸಾಯುತ್ತಾರೆ. ಬದುಕಿ ಉಳಿದ 5 ಮಂದಿಯಲ್ಲಿ ಒಬ್ಬರಿಗೆ ಕಿವುಡುತನ, ಮೂರ್ಛೆ, ಅಂಗಾಂಗ ದೌರ್ಬಲ್ಯದಂಥ ಶಾಶ್ವತ ತೊಂದರೆ ಉಳಿಯುತ್ತದೆ.

ನಮ್ಮಲ್ಲಿ ಇದನ್ನು "ಮಿದುಳು ಜ್ವರ" ಎಂದು ಕರೆಯುವ ರೂಢಿಯಿದೆ. ಆದರೆ ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಕಾಯಿಲೆಗೂ ಜನ ಇದೇ ಹೆಸರು ಬಳಸುತ್ತಾರೆ. ಅದರಲ್ಲಿ ಮಿದುಳಿಗೇ ಉರಿಯೂತ. ಅದು ವೈರಸ್ ರೋಗ, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ಗೆ ಆಂಟಿಬಯೋಟಿಕ್ ಚುಚ್ಚುಮದ್ದೇ ಸಂಜೀವಿನಿ, ಆದರೆ ಅದು ಬೇಗನೆ ಸಿಗಬೇಕು. ಆದ್ದರಿಂದ "ಮಿದುಳು ಜ್ವರಕ್ಕೆ ಮದ್ದಿಲ್ಲ" ಎಂಬ ಮಾತನ್ನು ನಂಬಿ ಕೈಚೆಲ್ಲಬಾರದು.

ಯಾವ ರೋಗಾಣುಗಳು?

ಮುಖ್ಯವಾಗಿ ಮೂರು. ಮೊದಲನೆಯದು ನ್ಯುಮೋಕಾಕಸ್. ನ್ಯುಮೋನಿಯಾ ತರುವುದೂ ಇದೇ. ಬಹುಕಾಲದಿಂದ ಕಿವಿ ಸೋರುವವರು, ಸೈನಸ್ ಸೋಂಕು ಇರುವವರು, ತಲೆಗೆ ಪೆಟ್ಟು ಬಿದ್ದು ಮೂಗಿನಿಂದ ಆಗಾಗ ನೀರಿನಂಥ ದ್ರವ ಸುರಿಯುವವರು, ಗುಲ್ಮ ತೆಗೆಸಿಕೊಂಡವರು ಇದಕ್ಕೆ ಸುಲಭವಾಗಿ ತುತ್ತಾಗುತ್ತಾರೆ. ಹಳ್ಳಿಗಳಲ್ಲಿ ಕಿವಿ ಸೋರುವುದನ್ನು ಕಾಯಿಲೆ ಎಂದೇ ಎಣಿಸುವುದಿಲ್ಲ. ಎಣ್ಣೆ ಬಿಟ್ಟು ಹತ್ತಿ ತುರುಕಿ ಸುಮ್ಮನಾಗುತ್ತಾರೆ. ಕಿವಿಯ ಕೀವು ಮಿದುಳಿನ ಪೊರೆಗೆ ಬಹಳ ಹತ್ತಿರದಲ್ಲಿದೆ ಎಂಬುದನ್ನು ಮರೆಯಬಾರದು.

ಎರಡನೆಯದು ಹಿಬ್ ಎಂಬ ರೋಗಾಣು. ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳನ್ನು ಕಾಡುತ್ತದೆ. ಮೂರನೆಯದು ಮೆನಿಂಗೋಕಾಕಸ್. ಒಬ್ಬರಿಂದ ಒಬ್ಬರಿಗೆ ಹರಡಿ ಸಾಂಕ್ರಾಮಿಕವಾಗಿ ಹಬ್ಬುವ ಶಕ್ತಿ ಇದಕ್ಕಿದೆ. ಕಾಲೇಜು, ಹಾಸ್ಟೆಲ್ ಎಂದಾಗ ವೈದ್ಯರು ಮುಖ್ಯವಾಗಿ ಹೆದರುವುದು ಇದಕ್ಕೇ.

ಕಾಲೇಜು ವಿದ್ಯಾರ್ಥಿಗಳಿಗೇ ಯಾಕೆ?

ಮೆನಿಂಗೋಕಾಕಸ್ ಮನುಷ್ಯನ ಮೂಗು ಮತ್ತು ಗಂಟಲಿನಲ್ಲಿ ಮಾತ್ರ ವಾಸಿಸುತ್ತದೆ. ಆರೋಗ್ಯವಂತರಲ್ಲೇ 10 ಮಂದಿಗೆ ಸುಮಾರು ಒಬ್ಬರು ಇದನ್ನು ಗಂಟಲಿನಲ್ಲಿ ಇಟ್ಟುಕೊಂಡು ಓಡಾಡುತ್ತಿರುತ್ತಾರೆ. ಅವರಿಗೆ ಏನೂ ಆಗುವುದಿಲ್ಲ, ತಮ್ಮಲ್ಲಿ ಇದೆ ಎಂಬುದೂ ತಿಳಿದಿರುವುದಿಲ್ಲ. ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ ಇಂಥ ವಾಹಕರ ಪ್ರಮಾಣ ಹೆಚ್ಚು. ಕೆಮ್ಮು, ಸೀನು, ಎಂಜಲಿನ ಹನಿಗಳ ಮೂಲಕ, ಬಹಳ ಹತ್ತಿರದ ಒಡನಾಟದಲ್ಲಿ ಇದು ದಾಟುತ್ತದೆ. ಸಾವಿರಾರು ಮಂದಿಯಲ್ಲಿ ಯಾರೋ ಒಬ್ಬರಲ್ಲಿ ಮಾತ್ರ ಅದು ಗಂಟಲಿನಿಂದ ರಕ್ತಕ್ಕಿಳಿದು, ಮಿದುಳಿನ ಪೊರೆಯನ್ನು ತಲುಪುತ್ತದೆ. ಸೋಂಕು ತಗಲಿದ 2ರಿಂದ 10 ದಿನಗಳಲ್ಲಿ ರೋಗ ಕಾಣಿಸಿಕೊಳ್ಳುತ್ತದೆ.

ಮೊದಲ ವರ್ಷದ ಹಾಸ್ಟೆಲ್ ಜೀವನ ಎಂದರೇನು? ನಾಲ್ಕಾರು ಊರುಗಳ, ನಾಲ್ಕಾರು ಜಿಲ್ಲೆಗಳ ಮಕ್ಕಳು ಒಮ್ಮೆಲೇ ಒಂದು ಸೂರಿನಡಿ ಬರುತ್ತಾರೆ. ಒಬ್ಬರ ಗಂಟಲಿನ ರೋಗಾಣು ಇನ್ನೊಬ್ಬರ ದೇಹಕ್ಕೆ ಹೊಸದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹಾಸಿಗೆಗೆ ಹಾಸಿಗೆ ತಾಗಿಸಿ ಮಲಗುವುದು, ನಿದ್ದೆಗೆಟ್ಟು ಓದುವುದು, ಸಿಗರೇಟು ಹಂಚಿಕೊಳ್ಳುವುದು, ಎಲ್ಲವೂ ರೋಗಾಣುವಿಗೆ ಅನುಕೂಲ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಹಾಸ್ಟೆಲ್ ಸೇರಿದ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಈ ರೋಗ ಉಳಿದವರಿಗಿಂತ ಹೆಚ್ಚು ಕಂಡುಬಂದಿದ್ದರಿಂದಲೇ ಅಲ್ಲಿ ವಿದ್ಯಾರ್ಥಿಗಳಿಗೆ ಲಸಿಕೆ ಕೊಡುವ ಪದ್ಧತಿ ಬಂತು.

ನಮ್ಮ ದೇಶದಲ್ಲೂ ಇದು ಬಂದು ಹೋದ ಕಾಯಿಲೆ. ದೆಹಲಿಯಲ್ಲಿ 1966ರಲ್ಲಿ, 1985ರಲ್ಲಿ, ಮತ್ತೆ 2005ರಲ್ಲಿ ಮೆನಿಂಗೋಕಾಕಸ್ ಸಾಂಕ್ರಾಮಿಕವಾಗಿ ಹಬ್ಬಿತ್ತು. 2005ರ ಬೇಸಿಗೆಯಲ್ಲಿ ಹಳೆ ದೆಹಲಿಯ ಇಕ್ಕಟ್ಟಾದ ಬೀದಿಗಳಲ್ಲಿ ಶುರುವಾದದ್ದು ಕೆಲವೇ ವಾರಗಳಲ್ಲಿ 400ಕ್ಕೂ ಹೆಚ್ಚು ಮಂದಿಯನ್ನು ಹಿಡಿದು, 40ಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ರೋಗ ತಗಲಿದವರಲ್ಲಿ ಹೆಚ್ಚಿನವರು ಹದಿನಾರರಿಂದ ಮೂವತ್ತರ ನಡುವಿನ ಯುವಜನರು. 2008-09ರಲ್ಲಿ ಮೇಘಾಲಯ, ತ್ರಿಪುರಾ ರಾಜ್ಯಗಳಲ್ಲಿಯೂ ಇದು ಕಾಣಿಸಿಕೊಂಡಿತು. ಚಳಿಗಾಲ ಮುಗಿದು ಬೇಸಿಗೆ ಬರುವ ಒಣ ತಿಂಗಳುಗಳು ಇದಕ್ಕೆ ಪ್ರಿಯ. ಬೀದರ್ ಕಡೆ ಅದೇ ಹೊತ್ತಿಗೆ ಪರೀಕ್ಷೆ, ಜಾತ್ರೆ, ಮದುವೆಗಳ ಓಡಾಟವೂ ಹೆಚ್ಚು.

ಲಕ್ಷಣಗಳು

ಜ್ವರ, ತೀವ್ರ ತಲೆನೋವು, ಕುತ್ತಿಗೆ ಬಿಗಿಯುವುದು, ಮಂಪರು ಅಥವಾ ಗೊಂದಲ, ಈ ನಾಲ್ಕನ್ನು ಬಾಯಿಪಾಠ ಮಾಡಿಕೊಳ್ಳಬೇಕು. ನಾಲ್ಕೂ ಸೇರಿ ಬರಲಿ ಎಂದು ಕಾಯಬಾರದು. ನೆದರ್ಲೆಂಡ್ಸ್ ದೇಶದಲ್ಲಿ ವಯಸ್ಕರ ಸುಮಾರು 700 ಪ್ರಕರಣಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧ. ಜ್ವರ, ಬಿಗಿದ ಕುತ್ತಿಗೆ, ಮಂಪರು ಮೂರೂ ಒಟ್ಟಿಗಿದ್ದದ್ದು ಅರ್ಧಕ್ಕಿಂತ ಕಡಿಮೆ ರೋಗಿಗಳಲ್ಲಿ. ಆದರೆ ನೂರಕ್ಕೆ 95 ಮಂದಿಯಲ್ಲಿ ಮೇಲಿನ ನಾಲ್ಕರಲ್ಲಿ ಎರಡಾದರೂ ಇದ್ದವು. ಆದ್ದರಿಂದ ನಾಲ್ಕರಲ್ಲಿ ಎರಡು ಕಂಡರೂ ವೈದ್ಯರ ಬಳಿಗೆ ಹೊರಡಬೇಕು ಎಂದು ನೆನಪಿಟ್ಟುಕೊಂಡರೆ ಸಾಕು.

ಕುತ್ತಿಗೆಯ ಪರೀಕ್ಷೆ ಸುಲಭ. ಗದ್ದವನ್ನು ಎದೆಗೆ ತಾಗಿಸಲು ಹೇಳಿ. ಸಾಮಾನ್ಯ ಜ್ವರದಲ್ಲಿ ಮೈಕೈ ನೋವಿದ್ದರೂ ಗದ್ದ ಎದೆಗೆ ತಾಗುತ್ತದೆ. ಮೆನಿಂಜೈಟಿಸ್‌ನಲ್ಲಿ ಕುತ್ತಿಗೆ ಮುಂದಕ್ಕೆ ಬಾಗಲು ಒಪ್ಪುವುದಿಲ್ಲ. ಆದರೆ ತಾಗಿತು ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬಾರದು. ವಾಂತಿ, ಬೆಳಕನ್ನು ನೋಡಲಾಗದಿರುವುದು, ಫಿಟ್ಸ್, ಸಂಬಂಧವಿಲ್ಲದ ಮಾತು ಕೂಡ ಕಾಣಬಹುದು.

ಮೆನಿಂಗೋಕಾಕಸ್ ರಕ್ತಕ್ಕೆ ನುಗ್ಗಿದಾಗ ಇನ್ನೂ ಕೆಲವು ಚಿಹ್ನೆಗಳಿವೆ. ಮೈ ಸುಡುತ್ತಿದ್ದರೂ ಕೈಕಾಲು ತಣ್ಣಗಾಗುತ್ತವೆ. ಕಾಲುಗಳಲ್ಲಿ ವಿಪರೀತ ನೋವು, ವೇಗದ ಉಸಿರಾಟ. ಚರ್ಮದ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಅಥವಾ ನೇರಳೆ ಚುಕ್ಕೆಗಳು ಏಳುತ್ತವೆ. ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಸಾಮಾನ್ಯ ದದ್ದು ಒತ್ತಿದಾಗ ಮಾಯವಾಗುತ್ತದೆ, ಇದು ಮಾಯವಾಗುವುದಿಲ್ಲ. ನಮ್ಮಂಥ ಕಂದು, ಕಪ್ಪು ಮೈಬಣ್ಣದವರಲ್ಲಿ ಚುಕ್ಕೆಗಳು ಬೇಗ ಕಾಣುವುದಿಲ್ಲ. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ, ಬಾಯಿಯ ಮೇಲ್ಭಾಗಗಳಲ್ಲಿ ಹುಡುಕಬೇಕು. ಇಂಥ ಚುಕ್ಕೆ ಕಂಡರೆ ಒಂದು ನಿಮಿಷವೂ ತಡ ಮಾಡುವಂತಿಲ್ಲ.

ನಾವು ಎಡವುವುದು ಎಲ್ಲಿ?

ಬಸವಕಲ್ಯಾಣ, ಹುಮನಾಬಾದ್ ಕಡೆ ಬೇಸಿಗೆಯ ಜ್ವರ, ತಲೆನೋವುಗಳಿಗೆಲ್ಲ ಬಿಸಿಲೇ ಕಾರಣ ಎನ್ನುತ್ತೇವೆ. ಕರಾವಳಿಯಲ್ಲಿ ಮಲೇರಿಯಾ, ಡೆಂಗೆ, ಇಲಿಜ್ವರ ಎನ್ನುತ್ತೇವೆ. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಇಲ್ಲ ಎಂದು ಬಂದರೆ "ಬರೀ ವೈರಲ್" ಎಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಬಹುಪಾಲು ಸಲ ಅದು ಸರಿಯೂ ಆಗಿರುತ್ತದೆ. ಆದರೆ ಮಲೇರಿಯಾ ಇಲ್ಲ ಎಂಬ ಚೀಟಿ ಮೆನಿಂಜೈಟಿಸ್ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಎರಡನೆಯ ತಪ್ಪು ಮೆಡಿಕಲ್ ಅಂಗಡಿಯಲ್ಲಿ ಕೇಳಿ ಎರಡು ದಿನದ ಆಂಟಿಬಯೋಟಿಕ್ ಮಾತ್ರೆ ನುಂಗುವುದು. ಮಾತ್ರೆಯ ಔಷಧಿ ಮಿದುಳಿನ ಪೊರೆಗೆ ಬೇಕಾದಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ಆದರೆ ಜ್ವರ ಕೊಂಚ ಇಳಿಸಿ, ಲಕ್ಷಣಗಳನ್ನು ಮರೆಮಾಚುತ್ತದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ರೋಗಾಣು ಬೆಳೆಯದೆ, ಯಾವ ರೋಗವೆಂದು ಗುರುತಿಸುವುದು ವೈದ್ಯರಿಗೂ ಕಷ್ಟವಾಗುತ್ತದೆ.

ಮೂರನೆಯದು, ಮಂಪರಿನಲ್ಲಿ ಬಡಬಡಿಸುವವನನ್ನು ಕಂಡು ಕುಡಿದಿದ್ದಾನೆ ಎನ್ನುವುದು, ಪರೀಕ್ಷೆಯ ಭಯ ಎನ್ನುವುದು, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಕರೆದೊಯ್ಯುವುದು. ಪ್ರಾರ್ಥನೆ ಮಾಡಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಪ್ರಾರ್ಥನೆಯನ್ನು ಆಂಬುಲೆನ್ಸ್‌ನಲ್ಲಿ ಕುಳಿತೂ ಮಾಡಬಹುದು.

ನಾಲ್ಕನೆಯದು, ಲೇಖನದ ಆರಂಭದಲ್ಲಿ ಹೇಳಿದ್ದು: ಹುಷಾರಿಲ್ಲದವನನ್ನು ಒಂಟಿಯಾಗಿ ಮಲಗಲು ಬಿಡುವುದು. ಹಾಸ್ಟೆಲ್ಲಿನಲ್ಲಿ ತಾಯಿ ಇಲ್ಲ. ರಾತ್ರಿ ಎರಡು ಸಲ ಎದ್ದು ಹಣೆ ಮುಟ್ಟಿ, ಹೆಸರು ಹಿಡಿದು ಕರೆದು, ಮಾತಾಡಿಸಿ ನೋಡುವ ಕೆಲಸ ಕೋಣೆಯ ಗೆಳೆಯರದು. ಕರೆದರೆ ಓಗೊಡುತ್ತಾನೆಯೇ, ಇಂದು ಯಾವ ವಾರ ಎಂದು ಹೇಳುತ್ತಾನೆಯೇ ಎಂದು ನೋಡಲು ವೈದ್ಯರೇ ಆಗಬೇಕಿಲ್ಲ.

ಹುಮನಾಬಾದಿನಿಂದ ಬೀದರಿಗೆ

ದೊಡ್ಡ ಊರಿನಲ್ಲಿ ಆಸ್ಪತ್ರೆ ಹತ್ತಿರ. ಇಲ್ಲಿ ಹಾಗಲ್ಲ. ತಾಲೂಕು ಆಸ್ಪತ್ರೆಯಿಂದ ಮುಂದಿನ ಚಿಕಿತ್ಸೆಗೆ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೆ, ಇಲ್ಲವೇ ಕಲಬುರಗಿಗೆ ಹೋಗಬೇಕು. ಹುಮನಾಬಾದಿನಿಂದ ಬೀದರಿಗೆ ಸುಮಾರು 50 ಕಿಲೋಮೀಟರ್, ಬಸವಕಲ್ಯಾಣದಿಂದ ಇನ್ನೂ ದೂರ. ಹಳ್ಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಎಂದು ಹೊರಟರೆ ಮೂರು ನಾಲ್ಕು ಗಂಟೆ ಕಳೆದುಹೋಗುವುದು ಕಷ್ಟವೇನಲ್ಲ. ಈ ರೋಗದಲ್ಲಿ ಜೀವ ಹೋಗುವುದೂ ಉಳಿಯುವುದೂ ಅದೇ ಮೂರು ನಾಲ್ಕು ಗಂಟೆಗಳಲ್ಲಿ.

ಆದ್ದರಿಂದ ನೇರ ಜಿಲ್ಲೆಗೆ ಓಡಬೇಕೆಂಬ ಹಟ ಬೇಡ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಈ ಉಚಿತ ಆಂಬುಲೆನ್ಸ್ ಸೇವೆ 2008ರಿಂದ ಇದೆ. ವೈದ್ಯರ ಮುಂದೆ "ಜ್ವರ ಬಂದಿದೆ" ಎಂದಷ್ಟೇ ಹೇಳಿ ನಿಲ್ಲಬೇಡಿ. "ಇಂದು ಮಧ್ಯಾಹ್ನ ಎರಡು ಗಂಟೆಗೆ ಜ್ವರ ಶುರುವಾಯಿತು, ವಿಪರೀತ ತಲೆನೋವು, ಕುತ್ತಿಗೆ ಬಾಗುತ್ತಿಲ್ಲ, ಮಾತು ತಡವರಿಸುತ್ತಿದೆ, ಮೆನಿಂಜೈಟಿಸ್ ಇರಬಹುದೇ ನೋಡಿ ಸಾರ್" ಎಂದು ಸ್ಪಷ್ಟವಾಗಿ ಹೇಳಿ. ಸಮಯ ಹೇಳುವುದು ಬಹಳ ಮುಖ್ಯ. ಯಾವ ಮಾತ್ರೆ ನುಂಗಿದ್ದಾನೆ, ಯಾವ ಔಷಧಿ ಮೈಗೆ ಒಗ್ಗುವುದಿಲ್ಲ ಎಂಬುದನ್ನೂ ತಿಳಿಸಿ.

ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಚುಚ್ಚುಮದ್ದು ಅಪರೂಪದ್ದೇನಲ್ಲ, ಸಾಮಾನ್ಯವಾಗಿ ಬಳಕೆಯಲ್ಲಿರುವಂಥದು. ಮೆನಿಂಜೈಟಿಸ್‌ನ ಬಲವಾದ ಸಂಶಯವಿದ್ದು, ಮುಂದಿನ ಆಸ್ಪತ್ರೆ ದೂರವಿದ್ದರೆ ಮೊದಲ ಡೋಸ್ ಕೊಟ್ಟೇ ಕಳುಹಿಸುವುದು ಒಳ್ಳೆಯ ಕ್ರಮ. "ಬೀದರಿಗೆ ಕಳುಹಿಸುವ ಮೊದಲು ಇಲ್ಲಿಯೇ ಮೊದಲ ಇಂಜೆಕ್ಷನ್ ಕೊಡಬಹುದೇ ಸಾರ್?" ಎಂದು ವಿನಯದಿಂದ ಕೇಳುವ ಹಕ್ಕು ನಮಗಿದೆ. ನಿರ್ಧಾರ ವೈದ್ಯರದು. ಕೊಟ್ಟ ಔಷಧಿ, ಪ್ರಮಾಣ, ಸಮಯಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಮುಂದಿನ ಆಸ್ಪತ್ರೆಯ ವೈದ್ಯರಿಗೆ ದಾರಿದೀಪ.

ಬೆನ್ನಿನ ನೀರಿನ ಭಯ

ದೊಡ್ಡಾಸ್ಪತ್ರೆಯಲ್ಲಿ ವೈದ್ಯರು ಬೆನ್ನಿನಿಂದ ನೀರು ತೆಗೆಯಬೇಕು ಎನ್ನುತ್ತಾರೆ. ಎಷ್ಟೋ ಮನೆಯವರು ಅಲ್ಲಿ ನಿಂತುಬಿಡುತ್ತಾರೆ. "ಬೆನ್ನಿಗೆ ಸೂಜಿ ಹಾಕಿದರೆ ಲಕ್ವ ಹೊಡೆಯುತ್ತದೆ", "ನೀರು ತೆಗೆದ ಮೇಲೆ ಮನುಷ್ಯ ಉಳಿಯುವುದಿಲ್ಲ" ಎಂಬ ಮಾತುಗಳು ಬೀದರಿನಲ್ಲೂ ಇವೆ, ಬೈಂದೂರಿನಲ್ಲೂ ಇವೆ. ಕೆಲವರು ಸಹಿ ಹಾಕದೆ ರೋಗಿಯನ್ನು ಮನೆಗೆ ಕರೆದೊಯ್ಯುತ್ತಾರೆ.

ನಿಜಾಂಶ ಹೀಗಿದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸೊಂಟದ ಎರಡು ಮೂಳೆಗಳ ನಡುವೆ. ಹಾಗಾಗಿ ಬೆನ್ನುಹುರಿಗೆ ಚುಚ್ಚುವ ಪ್ರಶ್ನೆ ಇಲ್ಲ. ನಮ್ಮ ದೇಹದಲ್ಲಿ ಈ ದ್ರವ ಸುಮಾರು 150 ಮಿಲಿಲೀಟರ್ ಇರುತ್ತದೆ, ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ಉತ್ಪತ್ತಿಯಾಗುತ್ತದೆ. ಪರೀಕ್ಷೆಗೆ ತೆಗೆಯುವುದು ಕೆಲವೇ ಮಿಲಿಲೀಟರ್. ಅದು ಬೇಗನೆ ತುಂಬಿಕೊಳ್ಳುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು, ಸೊಂಟನೋವು ಇರಬಹುದು. ಮಿದುಳಿನೊಳಗೆ ಒತ್ತಡ ಹೆಚ್ಚಿರುವ ಅನುಮಾನವಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿ ನೋಡುತ್ತಾರೆ. ಹಾಗೆ ತಡವಾಗುವುದಾದರೆ ಪರೀಕ್ಷೆಗೆ ಕಾಯದೆ ಔಷಧಿ ಶುರು ಮಾಡುತ್ತಾರೆ.

ಆ ಕೆಲವು ಹನಿಗಳು ಹೇಳುವ ಸುದ್ದಿ ದೊಡ್ಡದು. ಆರೋಗ್ಯವಂತರಲ್ಲಿ ಅದು ತಿಳಿನೀರಿನಂತಿರುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಕದಡಿದಂತೆ ಕಾಣುತ್ತದೆ. ವೈರಸ್ಸೇ, ಬ್ಯಾಕ್ಟೀರಿಯಾವೇ, ಕ್ಷಯವೇ ಎಂಬುದು ಅದರಿಂದ ತಿಳಿಯುತ್ತದೆ. ಚಿಕಿತ್ಸೆ ಮೂರಕ್ಕೂ ಬೇರೆ ಬೇರೆ. ರೋಗಿ ಸತ್ತದ್ದು ಸೂಜಿಯಿಂದ ಎಂದು ಜನ ಹೇಳುವ ಕಡೆಯಲ್ಲೆಲ್ಲ ನಿಜವಾಗಿ ಕೊಂದದ್ದು ಸೂಜಿಗಿಂತ ಮುಂಚೆ ಕಳೆದುಹೋದ ಹೊತ್ತು.

ಒಡನಾಡಿಗಳು ಏನು ಮಾಡಬೇಕು?

ಮೆನಿಂಗೋಕಾಕಸ್ ಎಂದು ಖಚಿತವಾದರೆ ಅಥವಾ ಬಲವಾದ ಸಂಶಯವಿದ್ದರೆ, ರೋಗಿಯ ಜತೆ ಒಂದೇ ಕೋಣೆಯಲ್ಲಿ ಮಲಗಿದವರು, ಮನೆಯವರು, ಬಹಳ ಹತ್ತಿರದ ಒಡನಾಡಿಗಳು ಮುಂಜಾಗ್ರತೆಯ ಔಷಧಿ ತೆಗೆದುಕೊಳ್ಳಬೇಕು. ಸಾಧ್ಯವಾದಷ್ಟು ಮಟ್ಟಿಗೆ 24 ಗಂಟೆಯೊಳಗೆ ಇದು ಆಗಬೇಕು. ವಯಸ್ಕರಿಗೆ ಸಿಪ್ರೊಫ್ಲಾಕ್ಸಾಸಿನ್‌ನ ಒಂದೇ ಡೋಸ್, ಅಥವಾ ಎರಡು ದಿನ ರಿಫಾಂಪಿಸಿನ್, ಅಥವಾ ಒಂದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಕೊಡುವುದುಂಟು. ಯಾರಿಗೆ ಯಾವುದು ಎಂದು ಆರೋಗ್ಯ ಇಲಾಖೆಯ ವೈದ್ಯರೇ ಹೇಳಬೇಕು. ಗರ್ಭಿಣಿಯರಿಗೆ, ಬೇರೆ ಔಷಧಿ ಸೇವಿಸುವವರಿಗೆ ಲೆಕ್ಕ ಬೇರೆ. ಔಷಧಿ ತೆಗೆದುಕೊಂಡ ಮೇಲೂ ಕೆಲವು ದಿನ ಜ್ವರದ ಮೇಲೆ ಕಣ್ಣಿಡಬೇಕು.

ಇಡೀ ಕಾಲೇಜಿಗೆ ಮಾತ್ರೆ ಹಂಚುವ, ಹಾಸ್ಟೆಲ್ ಮುಚ್ಚಿ ಮಕ್ಕಳನ್ನು ಊರಿಗೆ ಅಟ್ಟುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಒಂದೇ ತರಗತಿಯಲ್ಲಿ ಕುಳಿತ ಮಾತ್ರಕ್ಕೆ, ಒಂದೇ ಬಸ್ಸಿನಲ್ಲಿ ಸ್ವಲ್ಪ ದೂರ ಬಂದ ಮಾತ್ರಕ್ಕೆ ರೋಗ ತಗಲುವ ಸಾಧ್ಯತೆ ಬಹಳ ಕಡಿಮೆ. ದೇಹದ ಹೊರಗೆ ಈ ರೋಗಾಣು ಹೆಚ್ಚು ಹೊತ್ತು ಬದುಕುವುದಿಲ್ಲ. ಚಿಕಿತ್ಸೆ ಶುರುವಾಗಿ ಒಂದು ದಿನ ಕಳೆದ ಮೇಲೆ ರೋಗಿಯಿಂದ ಹರಡುವ ಭಯವೂ ಇಲ್ಲ. ನ್ಯುಮೋಕಾಕಸ್‌ನಿಂದ ಬಂದಿದ್ದರೆ ಒಡನಾಡಿಗಳಿಗೆ ಔಷಧಿಯೇ ಬೇಕಾಗುವುದಿಲ್ಲ. ಗುಣವಾಗಿ ಬಂದ ವಿದ್ಯಾರ್ಥಿಯನ್ನು ದೂರ ಇಡುವುದು ತಪ್ಪು ಮಾತ್ರವಲ್ಲ, ಅರ್ಥವಿಲ್ಲದ ಕೆಲಸ.

ಲಸಿಕೆಯ ಮಾತು

ಪುಣೆ-ಹೈದರಾಬಾದ್ ಹೆದ್ದಾರಿ ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ. ಆ ಹೆದ್ದಾರಿಯ ಒಂದು ತುದಿಯಾದ ಪುಣೆಯಲ್ಲಿರುವ ಸೀರಮ್ ಇನ್‌ಸ್ಟಿಟ್ಯೂಟ್ ಮೆನಿಂಜೈಟಿಸ್ ವಿರುದ್ಧದ ಹೋರಾಟದಲ್ಲಿ ದೊಡ್ಡ ಹೆಸರು. ಆಫ್ರಿಕಾ ಖಂಡದ ನಡುವೆ ಹಾದುಹೋಗುವ ಒಣ ಪ್ರದೇಶದಲ್ಲಿ ಈ ರೋಗ ದಶಕಗಳ ಕಾಲ ಜನರನ್ನು ಕೊಲ್ಲುತ್ತಿತ್ತು. ಪುಣೆಯಲ್ಲಿ ಕಡಿಮೆ ಬೆಲೆಗೆ ತಯಾರಿಸಿದ ಲಸಿಕೆಯನ್ನು 2010ರಿಂದ ಅಲ್ಲಿಯ ಕೋಟ್ಯಂತರ ಜನರಿಗೆ ಕೊಟ್ಟ ಮೇಲೆ 'ಎ' ಗುಂಪಿನ ಮೆನಿಂಗೋಕಾಕಸ್ ಅಲ್ಲಿ ಬಹುತೇಕ ಮಾಯವಾಯಿತು. ಐದು ಗುಂಪುಗಳ ವಿರುದ್ಧ ರಕ್ಷಣೆ ಕೊಡುವ ಹೊಸ ಲಸಿಕೆಯೂ ಪುಣೆಯಲ್ಲೇ ತಯಾರಾಗಿ 2024ರಲ್ಲಿ ನೈಜೀರಿಯಾದಲ್ಲಿ ಮೊದಲು ಬಳಕೆಗೆ ಬಂತು.

ನಮ್ಮ ಮಕ್ಕಳ ಸ್ಥಿತಿ ಏನು? ಹಿಬ್ ಲಸಿಕೆ ಸೇರಿದ ಪೆಂಟಾವೇಲೆಂಟ್ 2011ರ ಡಿಸೆಂಬರ್‌ನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಶುರುವಾಗಿ ನಂತರ ದೇಶದ ಉಳಿದೆಡೆ ಬಂತು. ನ್ಯುಮೋಕಾಕಸ್ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭವಾಗಿ 2021ರಲ್ಲಿ ದೇಶದಾದ್ಯಂತ ದೊರೆಯತೊಡಗಿತು. ಅಂದರೆ ಇಂದು ಕಾಲೇಜಿನಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರು ಶಿಶುಗಳಾಗಿದ್ದಾಗ ಸರಕಾರಿ ಕಾರ್ಯಕ್ರಮದಲ್ಲಿ ಈ ಲಸಿಕೆಗಳು ಇರಲೇ ಇಲ್ಲ. ಮನೆಯ ಪುಟ್ಟ ಮಕ್ಕಳಿಗೆ ಈಗ ಇವು ಉಚಿತ. ಆರನೇ ವಾರದಿಂದ ಶುರುವಾಗುವ ಈ ಡೋಸ್‌ಗಳನ್ನು ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಹಾಕಿಸಬೇಕು.

ಮೆನಿಂಗೋಕಾಕಸ್ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಎ, ಸಿ, ವೈ, ಡಬ್ಲ್ಯು ನಾಲ್ಕು ಗುಂಪುಗಳ ಲಸಿಕೆ ಖಾಸಗಿಯಾಗಿ ಸಿಗುತ್ತದೆ, ಬೆಲೆ ಕೆಲವು ಸಾವಿರ ರೂಪಾಯಿ. ಬಸವಕಲ್ಯಾಣ, ಹುಮನಾಬಾದ್‌ಗಳ ಮುಸ್ಲಿಂ ಬಾಂಧವರಿಗೆ ಇದು ಹೊಸದಲ್ಲ. ಹಜ್ ಯಾತ್ರೆಗೆ ಹೋಗುವವರು ಇದನ್ನು ಹಾಕಿಸಿಕೊಳ್ಳುವುದು ಕಡ್ಡಾಯ. 1987ರ ಹಜ್ ಸಮಯದಲ್ಲಿ ರೋಗ ಹಬ್ಬಿದ ಮೇಲೆ ಬಂದ ನಿಯಮವಿದು. ವಿದೇಶಕ್ಕೆ ಓದಲು ಹೋಗುವವರು, ಗುಲ್ಮ ತೆಗೆಸಿಕೊಂಡವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳಿ ಇದನ್ನು ಹಾಕಿಸಿಕೊಳ್ಳಬೇಕು. ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಹಲವರು ಹೊರದೇಶದ ಕನಸು ಕಾಣುವವರಾದ್ದರಿಂದ ಇದನ್ನು ತಿಳಿದಿರುವುದು ಒಳ್ಳೆಯದು. ಲಸಿಕೆ ಎಲ್ಲ ಬಗೆಯ ಮೆನಿಂಜೈಟಿಸ್ ತಡೆಯುವುದಿಲ್ಲ. ಹಾಗಾಗಿ ಹಾಕಿಸಿಕೊಂಡವರೂ ಲಕ್ಷಣಗಳನ್ನು ಮರೆಯಬಾರದು.

ಗುಣವಾದ ಮೇಲೆ

ಆಸ್ಪತ್ರೆಯಿಂದ ಮನೆಗೆ ಬಂದ ಮಾತ್ರಕ್ಕೆ ಕತೆ ಮುಗಿಯುವುದಿಲ್ಲ. ಈ ರೋಗ ಬಿಟ್ಟುಹೋಗುವ ಗುರುತುಗಳಲ್ಲಿ ಕಿವುಡುತನ ಮುಖ್ಯವಾದುದು. ಬಿಡುಗಡೆಗೆ ಮುಂಚೆ ಅಥವಾ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ ಮಾಡಿಸಲೇಬೇಕು. ಮೊದಲು ಚೆನ್ನಾಗಿ ಓದುತ್ತಿದ್ದ ಹುಡುಗ ಈಗ ಮರೆಯುತ್ತಾನೆ, ಬೇಗ ದಣಿಯುತ್ತಾನೆ, ಸಿಡುಕುತ್ತಾನೆ ಎಂದು ಮನೆಯವರೂ ಅಧ್ಯಾಪಕರೂ ಬೇಸರಿಸುವುದುಂಟು. ಅದು ಸೋಮಾರಿತನವಲ್ಲ. ಚೇತರಿಸಿಕೊಳ್ಳಲು ಮಿದುಳಿಗೆ ತಿಂಗಳುಗಳೇ ಬೇಕಾಗಬಹುದು. ಹಾಜರಾತಿ, ಪರೀಕ್ಷೆಗಳ ವಿಷಯದಲ್ಲಿ ಕಾಲೇಜುಗಳು ಅಂಥವರಿಗೆ ಅವಕಾಶ ಮಾಡಿಕೊಡಬೇಕು.

ನಾವು ಮಾಡಬಹುದಾದದ್ದು

ನಮ್ಮ ಚರ್ಚುಗಳು, ಸಂಸ್ಥೆಗಳು ನಡೆಸುವ ಹಾಸ್ಟೆಲುಗಳಲ್ಲಿ ವರ್ಷದ ಆರಂಭದಲ್ಲೇ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡಬಹುದು. ಹತ್ತಿರದ ಆಸ್ಪತ್ರೆಯ ವೈದ್ಯರೋ ದಾದಿಯರೋ ಸಂತೋಷದಿಂದ ಬಂದು ಮಾತಾಡುತ್ತಾರೆ. ನಾಲ್ಕು ಲಕ್ಷಣಗಳನ್ನೂ 108 ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಬರೆದು ಪ್ರತಿ ಮಹಡಿಯಲ್ಲಿ ಅಂಟಿಸಿದರೆ ಖರ್ಚೇನೂ ಇಲ್ಲ. ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೂ ವಾರ್ಡನ್ ಬೈಯುವುದಿಲ್ಲ ಎಂಬ ಭರವಸೆ ಮಕ್ಕಳಿಗಿರಲಿ. ಎಷ್ಟೋ ಮಕ್ಕಳು ಆಸ್ಪತ್ರೆ ತಲುಪಲು ತಡವಾಗುವುದು ವಾಹನವಿಲ್ಲದೆ ಅಲ್ಲ, ವಾರ್ಡನ್‌ರನ್ನು ಎಬ್ಬಿಸಲು ಅಂಜಿ. ಮಲಗುವ ಕೋಣೆಗಳ ಕಿಟಕಿ ತೆರೆದಿಡಿ, ಹಾಸಿಗೆಗಳ ನಡುವೆ ಜಾಗ ಬಿಡಿ. ಪ್ರತಿ ವಿದ್ಯಾರ್ಥಿಯ ಮನೆಯ ಫೋನ್ ಸಂಖ್ಯೆ, ಒಗ್ಗದ ಔಷಧಿಗಳ ವಿವರ, ಪಡಿತರ ಚೀಟಿ ಮತ್ತು ಆಧಾರ್ ಪ್ರತಿ ಒಂದು ಕಡತದಲ್ಲಿರಲಿ.

ವಾರ್ಡಿನ ಗುರಿಕಾರರು, ಯುವ ಸಂಘಟನೆಗಳ ಸದಸ್ಯರು ಮನೆಮನೆಗೆ ಹೋಗುವಾಗ ಎರಡು ವಿಷಯ ಕೇಳಬಹುದು: ಮನೆಯಲ್ಲಿ ಕಿವಿ ಸೋರುವವರು ಇದ್ದಾರೆಯೇ? ಪುಟ್ಟ ಮಕ್ಕಳ ಲಸಿಕೆ ಪೂರ್ತಿಯಾಗಿದೆಯೇ? ಇವೆರಡಕ್ಕೂ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲೇ ಪರಿಹಾರವಿದೆ. 2030ರೊಳಗೆ ಮೆನಿಂಜೈಟಿಸ್ ಸಾಂಕ್ರಾಮಿಕಗಳನ್ನು ಇಲ್ಲವಾಗಿಸುವ ಯೋಜನೆಯನ್ನು ವಿಶ್ವ ಆರೋಗ್ಯ ಸಭೆ 2020ರಲ್ಲಿ ಒಪ್ಪಿಕೊಂಡಿದೆ. ಅಕ್ಟೋಬರ್ 5ನ್ನು ವಿಶ್ವ ಮೆನಿಂಜೈಟಿಸ್ ದಿನವೆಂದು ಆಚರಿಸಲಾಗುತ್ತದೆ. ಆ ದಿನ ಯುವಜನರಿಗಾಗಿ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಳ್ಳಬಹುದು.

ಮತ್ತೆ ಆ ಹಾಸ್ಟೆಲ್ ಕೋಣೆಗೆ ಬರೋಣ. ಸಂಜೆ ಏಳು ಗಂಟೆ. ಗೆಳೆಯನಿಗೆ ಜ್ವರ, ಸಿಡಿಯುವ ತಲೆನೋವು. ಒಬ್ಬ ಅವನಿಗೆ ಗದ್ದ ಎದೆಗೆ ತಾಗಿಸಲು ಹೇಳುತ್ತಾನೆ, ಆಗುವುದಿಲ್ಲ. ಇನ್ನೊಬ್ಬ ವಾರ್ಡನ್ ಬಾಗಿಲು ತಟ್ಟುತ್ತಾನೆ. ಮೂರನೆಯವನು 108ಕ್ಕೆ ಕರೆ ಮಾಡುತ್ತಾನೆ. ಎಂಟು ಗಂಟೆಗೆ ತಾಲೂಕು ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್, ಹತ್ತಕ್ಕೆ ಬೀದರ್. ಹೀಗಾದರೆ ಅವನು ಬದುಕಿ ಉಳಿದು ಮತ್ತೆ ತರಗತಿಗೆ ಬರುವ ಸಾಧ್ಯತೆ ಬಹಳ ಹೆಚ್ಚು. ಇಷ್ಟನ್ನು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿತಿರಲಿ ಎಂಬುದು ನಮ್ಮ ಹಾರೈಕೆ. ಈ ಲೇಖನವನ್ನು ಓದಿದವರು ದಯವಿಟ್ಟು ಹಾಸ್ಟೆಲ್ಲಿನಲ್ಲಿರುವ ತಮ್ಮ ಮಕ್ಕಳಿಗೆ ಇಂದೇ ಫೋನ್ ಮಾಡಿ ಆ ನಾಲ್ಕು ಲಕ್ಷಣಗಳನ್ನು ಹೇಳಿ.